ಬಾವಿಯ ಮೇಲೆ ನಿಂತ ಚುಕ್ಕೆ

ಅಮ್ಮನಿಗೆ ದಾರಿ ಮರೆಯತೊಡಗಿದ ಮೇಲೆ ಅವಳ ಎಲೆ ಅಡಿಕೆ ಸಂಚಿಯಲ್ಲಿ ನಾನೊಂದು ಟ್ರ್ಯಾಕರ್ ಇಟ್ಟಿದ್ದೆ. ಕನ್ನಡಕ, ಚಪ್ಪಲಿ ಎಲ್ಲ ಬಿಟ್ಟು ಹೋಗುತ್ತಿದ್ದಳು, ಸಂಚಿಯನ್ನು ಮಾತ್ರ ಬಿಡುತ್ತಿರಲಿಲ್ಲ. ಅವಳು ಎಲ್ಲಿದ್ದಾಳೆಂದು ನನ್ನ ಮೊಬೈಲಿನ ನಕ್ಷೆಯಲ್ಲಿ ಒಂದು ನೀಲಿ ಚುಕ್ಕೆ ತೋರಿಸುತ್ತಿತ್ತು.

ಅಂದು ಮಧ್ಯಾಹ್ನ ಮಳೆ ನಿಂತ ಕೂಡಲೇ ಅಕ್ಕ ಹಿತ್ತಲಿನಿಂದ ಬಂದು, "ಅಮ್ಮ ಕಾಣ್ತಿಲ್ಲ ಕಣೋ, ನಿನ್ನ ಫೋನಲ್ಲಿ ನೋಡು" ಎಂದಳು. ಮಂಡಿಕಲ್ ರಸ್ತೆ ದಾಟಿದರೆ ನಮ್ಮ ಮಾವಿನ ತೋಪು. ಚುಕ್ಕೆ ತೋಪಿನ ಅಂಚಿನ ಹಳೇ ಬಾವಿಯ ಮೇಲೆ ನಿಂತಿತ್ತು. ಅಲುಗುತ್ತಿರಲಿಲ್ಲ.

ನಾನು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವನು. ಯಂತ್ರ ಹೇಳಿದ್ದನ್ನೂ ಅನುಮಾನಿಸುವುದು ಅಭ್ಯಾಸ. ಉಪಗ್ರಹದ ಸಿಗ್ನಲ್ ನೆಲ ಮುಟ್ಟುವ ಹೊತ್ತಿಗೆ ತೀರ ಕ್ಷೀಣವಾಗಿರುತ್ತದೆ. ದಟ್ಟವಾದ ಎಲೆ, ಅದರಲ್ಲೂ ಒದ್ದೆ ಎಲೆ, ಅದನ್ನು ಹೀರುತ್ತದೆ, ಚದುರಿಸುತ್ತದೆ. ಮರದಡಿ ಕೂತವರನ್ನು ನಕ್ಷೆ ಬೇರೆಲ್ಲೋ ತೋರಿಸಬಹುದು.

"ತೋಪಲ್ಲೇ ಎಲ್ಲೋ ಕೂತಿದಾಳೆ ಅಕ್ಕ. ಎಲೆ ಅಡ್ಡ ಬಂದು ತಪ್ಪು ತೋರಿಸ್ತಿದೆ. ಹೇಗೂ ಆ ಬಾವಿ ಮುಚ್ಚಿಸಿದೀವಲ್ಲ."

"ಯಾರು ಮುಚ್ಚಿಸಿದ್ದು?"

"ಟ್ರ್ಯಾಕ್ಟರಲ್ಲಿ ಮಣ್ಣು ಹೊಡೆಸಿದ್ರಲ್ಲ. ನಾನೇ ನಿಂತು ನೋಡಿದ್ದೆ."

"ಏನಪ್ಪ ನೀನು ಹೇಳೋದು? ಕೆರೆ ತುಂಬಿದ ಮೇಲೆ ಅದ್ರಲ್ಲೂ ನೀರು ಬಂದಿದೆ. ಹೋದ ವಾರ ಮೇಕೆ ಬಿದ್ದಿತ್ತು."

ಕೆಂಪು ಮಣ್ಣು, ಎದ್ದ ಧೂಳು, ಟ್ರ್ಯಾಕ್ಟರಿನವನು ತಲೆಗೆ ಸುತ್ತಿದ್ದ ಟವೆಲ್ಲು, ಎಲ್ಲ ನನ್ನ ಕಣ್ಣ ಮುಂದಿದ್ದವು. ಹಾಗಾದರೆ ನಾನು ನೋಡಿದ್ದು ಯಾರ ಬಾವಿ? ಅಕ್ಕ ಆಗಲೇ ರಸ್ತೆ ದಾಟಿದ್ದಳು. ನಾನೂ ಓಡಿದೆ.

ಬಾವಿಗೆ ಕಟ್ಟೆಯೇ ಇರಲಿಲ್ಲ. ಸುತ್ತ ಹುಲ್ಲು ಬೆಳೆದು ಅಂಚೇ ತಿಳಿಯುತ್ತಿರಲಿಲ್ಲ. ಕೆಳಗೆ ನೀರಿನ ಮೇಲೆ ಹಸಿರು ಪಾಚಿ ಕಟ್ಟಿತ್ತು, ನಡುವೆ ಒಂದು ಕಡೆ ಒಡೆದು ಕಪ್ಪು ನೀರು ಕಾಣುತ್ತಿತ್ತು.

"ಮಳೆ ಹೊಡೆತಕ್ಕೆ ಒಡೆದಿರುತ್ತೆ" ಎಂದೆ.

"ಪಾಠ ಸಾಕು. ಕೂಗೋ."

ಅಮ್ಮಾ ಎಂದು ಕೂಗಿದೆ. ನನ್ನದೇ ದನಿ ಬಾವಿಯೊಳಗಿಂದ ತಿರುಗಿ ಬಂತು. ಮತ್ತೆ ಕೂಗಲು ಭಯವಾಯಿತು, ಆದರೂ ಕೂಗಿದೆ.

"ಎವರಪ್ಪಾ ಅದಿ?"

ಯಾರಪ್ಪ ಅದು ಎಂದು ತೋಪಿನ ಒಳಗಿನಿಂದ ಬಂದ ದನಿ. ಗಾಬರಿಯಾದರೆ ಅಮ್ಮನ ಬಾಯಲ್ಲಿ ತೆಲುಗು ಬರುತ್ತದೆ. ಕೊಂಬೆಗಳು ನೆಲಕ್ಕೆ ಬಾಗಿದ್ದ ಒಂದು ಮರದ ಬುಡದಲ್ಲಿ, ಸಂಚಿಯನ್ನು ಮಡಿಲಲ್ಲಿಟ್ಟುಕೊಂಡು ಅವಳು ಕೂತಿದ್ದಳು. ಸೆರಗು ಕೂಡ ಅಷ್ಟಾಗಿ ನೆನೆದಿರಲಿಲ್ಲ.

"ಮಳೆ ಬಂತು, ಕೂತ್ಕೊಂಡೆ. ಅದಕ್ಯಾಕಿಂಗೆ ಅರಚ್ಕೊಳ್ತೀರಾ?"

ಅಕ್ಕ ಕಣ್ಣೊರೆಸಿಕೊಳ್ಳುತ್ತಲೇ, "ಆ ಟ್ರ್ಯಾಕರ್ ಡಬ್ಬೀನ ತೆಗೆದು ಇವನ ಕೊರಳಿಗೆ ಕಟ್ಟಮ್ಮ. ಬಾವಿ ಮುಚ್ಚಿದೆ ಅಂತ ಅದರ ಮೇಲೇ ನಡ್ಕೊಂಡು ಹೋಗೋನು ಇವನು" ಎಂದಳು. ಅಮ್ಮ ನನ್ನನ್ನು ನೋಡಿ ನಕ್ಕಳು.

ಎಲೆಗಳ ವಿಷಯದಲ್ಲಿ ನಾನು ಹೇಳಿದ್ದು ಸರಿಯಾಗಿತ್ತು. ಅದರಿಂದ ಸಮಾಧಾನವೇನೂ ಆಗಲಿಲ್ಲ. ಅವಳ ಕೈ ಹಿಡಿದು ಮನೆಗೆ ಬರುವಾಗ ಇನ್ನೊಂದು ಯೋಚನೆ ಹತ್ತಿತು. ಮಳೆಗೆ ಮುಂಚೆ, ನಾನು ಏನೋ ಓದುತ್ತಾ ಕೂತಿದ್ದಾಗ, "ತೋಪಿನ ಕಡೆ ಹೋಗಿ ಬರ್ಲಾ?" ಎಂದು ಅಮ್ಮ ಕೇಳಿದ್ದಳೇ? ಬಾವಿ ಮುಚ್ಚಿದೆ ಎಂಬ ಧೈರ್ಯದಲ್ಲಿ ಹೋಗಿ ಬಾ ಎಂದವನು ನಾನೇ ಇರಬಹುದೇ? ನೆನಪಾಗಲಿಲ್ಲ. ಅವಳನ್ನೇ ಕೇಳಬಹುದಿತ್ತು. ಕೇಳಲಿಲ್ಲ. ನಾನು ಮರೆತದ್ದು ಅವಳಿಗೆ ನೆನಪಿದ್ದರೆ?