ಕೂತಲ್ಲೇ ಕರಗುವ ಕ್ಯಾಲೊರಿ

ಪೂವಪ್ಪನ ಮಣಿಕಟ್ಟಿನಲ್ಲಿದ್ದ ವಾಚು ಒಂದು ದಿನವೂ ಸುಳ್ಳು ಹೇಳಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಅದು ಹೇಳಿದ್ದನ್ನು ತನಗೆ ಬೇಕಾದ ಹಾಗೆ ಕೇಳಿಸಿಕೊಂಡವನು ಪೂವಪ್ಪ. ಐವತ್ತು ದಾಟಿದ ಮೇಲೆ ನಾವು ಗಂಡಸರು ಮಾಡುವುದು ಹೆಚ್ಚುಕಡಿಮೆ ಅದನ್ನೇ.

ಹಂಪನಕಟ್ಟೆಯ ಹಳೆಯ ಕಟ್ಟಡವೊಂದರ ಮಹಡಿಯಲ್ಲಿ ಅವನ ಟೈಲರಿಂಗ್ ಅಂಗಡಿ. ಅಂಗಡಿ ಎಂದರೆ ಅರ್ಧ ಅಂಗಡಿ. ಕಿಟಕಿಯ ಕಡೆ ಗ್ರೆಗರಿ ಕೋಟು ಹೊಲಿಯುತ್ತಾನೆ, ಬಾಗಿಲ ಕಡೆ ಪೂವಪ್ಪ ಪ್ಯಾಂಟು ಹೊಲಿಯುತ್ತಾನೆ. ಹಾಗೆ ನೋಡಿದರೆ ಇಬ್ಬರೂ ಸೇರಿ ಒಬ್ಬ ಪೂರ್ತಿ ಮನುಷ್ಯನನ್ನು ಮುಚ್ಚುತ್ತಾರೆ. "ಪೊರ್ಬುಲೇ, ನಿಮ್ಮ ಕೋಟು ಬೇಕಾಗುವುದು ಎರಡೇ ಸಲ. ಮದುವೆಗೊಮ್ಮೆ, ಪೆಟ್ಟಿಗೆಯಲ್ಲಿ ಮಲಗುವಾಗ ಒಮ್ಮೆ. ನನ್ನ ಪ್ಯಾಂಟು ದಿನಾ ಬೇಕು" ಎಂದು ಪೂವಪ್ಪ, ತುಳುವಿನಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆ ಕರೆದು, ಕೆಣಕಿದರೆ, "ಪೆಟ್ಟಿಗೆಯಲ್ಲಿ ಪ್ಯಾಂಟು ಕಾಣುವುದಿಲ್ಲ ಪೂವಪ್ಪಣ್ಣ, ಹಾಗಾಗಿ ನೀವು ಹೇಗೆ ಹೊಲಿದರೂ ನಡೆಯುತ್ತದೆ" ಎಂದು ಗ್ರೆಗರಿ ಸೂಜಿಯಿಂದ ತಲೆ ಎತ್ತದೆ ಹೇಳುತ್ತಿದ್ದ.

ಆಗೆಲ್ಲ ಪೂವಪ್ಪನ ಹೊಟ್ಟೆ ದೊಡ್ಡದಿತ್ತು. ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಲು ಹೋದರೆ ಟೇಪಿಗಿಂತ ಮೊದಲು ಹೊಟ್ಟೆಯೇ ಗಿರಾಕಿಯನ್ನು ಮುಟ್ಟುತ್ತಿತ್ತು. ಅದನ್ನು ನೋಡಿ ನೋಡಿ ಸಾಕಾದ ಮಗಳು ಮೋಕ್ಷಾ, ಸುರತ್ಕಲ್‌ನ ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಒಂದು ಭಾನುವಾರ ಅಪ್ಪನ ಕೈಗೆ ಈ ವಾಚು ಕಟ್ಟಿದಳು.

"ಪಪ್ಪ, ಇದು ನಿಮ್ಮ ಹಾರ್ಟ್ ಬೀಟ್ ನೋಡ್ತದೆ. ನಿಮ್ಮ ವಯಸ್ಸು, ತೂಕ ಎಲ್ಲ ಹಾಕಿದ್ದೇನೆ. ನಡೆಯುವಾಗ ಬೀಟ್ ಎಷ್ಟು ಏರ್ತದೆ ಅಂತ ನೋಡಿ, ಎಷ್ಟು ಕ್ಯಾಲೊರಿ ಖರ್ಚಾಯ್ತು ಅಂತ ಅಂದಾಜು ಹೇಳ್ತದೆ. ಅಂದಾಜು ಅಷ್ಟೇ, ಆಯ್ತಾ?"

"ಆಯ್ತು" ಎಂದ ಪೂವಪ್ಪ. ಅಂದಾಜು ಎಂಬ ಮಾತು ಕಿವಿಯ ಹೊರಗೇ ನಿಂತಿತು. ಒಳಗೆ ಹೋದದ್ದು ಇಷ್ಟು: ಎದೆ ಜೋರಾಗಿ ಹೊಡೆದರೆ ಕೊಬ್ಬು ಕರಗುತ್ತದೆ, ಮಿಕ್ಸಿ ಜೋರಾಗಿ ತಿರುಗಿದರೆ ಮಸಾಲೆ ನುಣ್ಣಗಾಗುವ ಹಾಗೆ. ಈ ಜ್ಞಾನವನ್ನು ಅವನು ಕೂಡಲೇ ಪ್ರಯೋಗಕ್ಕೂ ಒಡ್ಡಿದ. ಬಸ್ಸಿನಲ್ಲಿ ಕಂಡಕ್ಟರನ ಜೊತೆ ಸುಮ್ಮನೆ ಜಗಳ ತೆಗೆದು ನೋಡಿದ. ಬಡಿತ ಏರಿತು, ಕ್ಯಾಲೊರಿಯೂ ಏರಿತು. ಹೀಗೆ ಕೂತು ಬೈದರೂ ತೆಳ್ಳಗಾಗಬಹುದು ಎಂದು ತಿಳಿದಾಗ ಅವನಿಗಾದ ಸಂತೋಷ ಅಷ್ಟಿಷ್ಟಲ್ಲ.

ಮನೆ ದೇರೆಬೈಲಿನಲ್ಲಿ. ಬೆಳಿಗ್ಗೆ ನಡೆಯಲು ಜೊತೆಗೆ ಸಿಕ್ಕಿದವನು ನೆರೆಯ ಯಾದವ. ಬಹಳ ವರ್ಷ ಮೀನಿನ ಬೋಟಿನಲ್ಲಿ ಕಡಲಿಗೆ ಹೋಗಿ, ಈಗ ಬಂದರಿಗೆ ಐಸು ಸಪ್ಲೈ ಮಾಡುವ ಆಸಾಮಿ. ಅವನ ಕೈಯಲ್ಲೂ ಮಗ ಭುವನ್ ಕೊಡಿಸಿದ ಅಂಥದ್ದೇ ವಾಚು. ನಡಿಗೆ ಮುಗಿದ ಮೇಲೆ ಮೂಲೆಯ ಹೋಟೆಲಿನಲ್ಲಿ ಇವರದ್ದೊಂದು ಕಾನೂನು ಇತ್ತು: ಯಾರ ವಾಚಿನಲ್ಲಿ ಹೆಚ್ಚು ಕ್ಯಾಲೊರಿ ಖರ್ಚಾಗಿದೆಯೋ ಅವನಿಗೆ ಬಾಳೆಹಣ್ಣು ಬೆರೆಸಿ ಎಣ್ಣೆಯಲ್ಲಿ ಕರಿದ ಬಿಸಿ ಬನ್ಸು. ಇನ್ನೊಬ್ಬ ಸಕ್ಕರೆಯಿಲ್ಲದ ಚಹಾ ಕುಡಿಯುತ್ತಾ ಎದುರು ಕೂತು ನೋಡಬೇಕು. ತೂಕ ಇಳಿಸಲು ಹೊರಟ ಇಬ್ಬರು ಗಂಡಸರು ಬೇರೆ ಯಾವ ಬಹುಮಾನವನ್ನೂ ಯೋಚಿಸಲಿಲ್ಲ ಎಂಬಲ್ಲಿಗೆ ಅವರ ಯೋಗ್ಯತೆ ತಿಳಿಯಿತಲ್ಲ.

ಮೊದಮೊದಲು ಬನ್ಸು ಯಾದವನಿಗೇ ಹೋಗುತ್ತಿತ್ತು. ಅಷ್ಟಮಿ ಕಳೆದ ಮೇಲೆ ಪೂವಪ್ಪನ ಕಡೆ ತಿರುಗಿತು. ದಸರಾ ಬರುವಾಗ ಯಾದವನಿಗೆ ಬನ್ಸಿನ ರುಚಿಯೇ ಮರೆತುಹೋಗಿತ್ತು.

"ಎಂತ ಮಾರಾಯ ಇದು?" ಎಂದು ಅವನು ಒಂದು ದಿನ ಎರಡೂ ವಾಚುಗಳನ್ನು ಒಟ್ಟಿಗೆ ಹಿಡಿದು ನೋಡಿದ. "ಒಟ್ಟಿಗೆ ಹೊರಟದ್ದು, ಒಟ್ಟಿಗೆ ಬಂದದ್ದು. ನನಗೆ ಇನ್ನೂರ ಎಪ್ಪತ್ತು, ನಿನಗೆ ಐನೂರು ಚಿಲ್ಲರೆ! ನಾಳೆ ವಾಚು ಬದಲಿಸುವ."

ಮರುದಿನ ಬದಲಿಸಿ ನಡೆದರು. ಐನೂರು ಈಗ ಯಾದವನ ವಾಚಿನಲ್ಲಿ ಬಂತು, ಅಂದರೆ ಪೂವಪ್ಪನ ಕೈಯಲ್ಲೇ ಬಂತು.

"ವಾಚಿನದ್ದಲ್ಲ ಯಾದವಣ್ಣ, ಬಾಡಿಯದ್ದು" ಎಂದ ಪೂವಪ್ಪ, ಬನ್ಸು ಮುರಿಯುತ್ತಾ. "ನನ್ನ ಇಂಜಿನ್ ಬೇರೆ."

"ಇಂಜಿನ್ ನಾನೂ ನೋಡಿದ್ದೇನೆ. ಬೋಟು ನಿಂತಲ್ಲೇ ಉಂಟು, ಡೀಸೆಲ್ ಮಾತ್ರ ಖಾಲಿ ಆಗ್ತಾ ಉಂಟು ಅಂದ್ರೆ ನಾವು ಖುಷಿ ಪಡ್ತಿರಲಿಲ್ಲ. ದಡಕ್ಕೆ ತಿರುಗಿಸ್ತಿದ್ದೆವು."

"ಹೊಟ್ಟೆಕಿಚ್ಚು! ಅದಕ್ಕೂ ಕ್ಯಾಲೊರಿ ಉಂಟು, ನೋಡು ನಿನ್ನ ವಾಚಿನಲ್ಲಿ."

ಯಾದವ ನಗಲಿಲ್ಲ. ಬನ್ಸು ಎತ್ತುವಾಗ ಪೂವಪ್ಪನ ಬೆರಳುಗಳಿಂದ ಸಾಂಬಾರು ತಟಪಟ ತೊಟ್ಟಿಕ್ಕುತ್ತಿದ್ದುದನ್ನು ನೋಡುತ್ತಿದ್ದ.

ತೂಕವಂತೂ ಇಳಿಯುತ್ತಲೇ ಇತ್ತು. ತಿಂದರೂ ಇಳಿಯುತ್ತಿತ್ತು, ತಿಂದಷ್ಟೂ ಇಳಿಯುತ್ತಿತ್ತು. ಹೋಟೆಲಿನಲ್ಲಿ ಬನ್ಸು ತಿಂದು ಮನೆಗೆ ಬಂದು ನೀರುದೋಸೆಯ ರಾಶಿಗೆ ಕೈ ಹಾಕುವ ಗಂಡನನ್ನು ಹೇಮಾಕ್ಷಿ ಬೆರಗಿನಿಂದಲ್ಲ, ಬೇರೊಂದು ರೀತಿಯಲ್ಲಿ ನೋಡತೊಡಗಿದ್ದಳು. ಮಳೆ ಬಿಟ್ಟು ತಣ್ಣಗಿದ್ದ ಬೆಳಗುಗಳಲ್ಲೂ ಅವನ ಬನಿಯನ್ ಬೆವರಿನಿಂದ ಒದ್ದೆಯಾಗಿರುತ್ತಿತ್ತು. ಫ್ಯಾನು ಒಂದು ನಿಮಿಷ ನಿಂತರೂ ಅವನಿಗೆ ಆಗುತ್ತಿರಲಿಲ್ಲ. ಅವಳೋ ಬೆಡ್‌ಶೀಟು ಹೊದ್ದುಕೊಂಡೇ ಅಡಿಗೆಮನೆಗೆ ಬರುತ್ತಿದ್ದಳು.

"ನಿಮ್ಮ ಕುತ್ತಿಗೆಯ ಎಲುಬು ಕಾಣ್ತದೆ" ಎಂದಳು.

"ಕಾಣಲಿ. ಇಷ್ಟು ವರ್ಷ ಅಡಗಿ ಕೂತಿತ್ತು."

"ಕೈ ಯಾಕೆ ನಡುಗುವುದು?"

"ಕೊಬ್ಬು ಕರಗುವಾಗ ಹಾಗೆಯೇ."

"ಯಾರು ಹೇಳಿದ್ದು?"

ಯಾರೂ ಹೇಳಿರಲಿಲ್ಲ. ಪೂವಪ್ಪ ಇನ್ನೊಂದು ದೋಸೆ ಕೇಳಿದ.

"ಒಮ್ಮೆ ಡಾಕ್ಟ್ರಿಗೆ ತೋರಿಸುವ. ನಾನೂ ಬರ್ತೇನೆ."

"ಡಾಕ್ಟ್ರೇ ಹೇಳಿದ್ದು ಮಾರಾಯ್ತಿ, ತೂಕ ಇಳಿಸಿ ಅಂತ. ಈಗ ಇಳಿಸಿದ್ದಕ್ಕೆ ಹೋಗಿ ದೂರು ಕೊಡುವುದಾ?"

ಹೇಮಾಕ್ಷಿ ಅವನು ಕೇಳಿದ ದೋಸೆಯನ್ನು ತಟ್ಟೆಗೆ ಹಾಕಿದಳು. ಗಂಡಂದಿರ ತರ್ಕಕ್ಕೆ ಉತ್ತರ ಇರುವುದಿಲ್ಲ, ಪರಿಣಾಮ ಮಾತ್ರ ಇರುತ್ತದೆ.

ಒಂದು ಮಧ್ಯಾಹ್ನ ಊಟ ಮುಗಿಸಿ ಅಂಗಡಿಯ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಾಗ ಕೈಯಲ್ಲಿ ವಾಚು ಗುರ್ ಎಂದಿತು. ಪೂವಪ್ಪ ಕನ್ನಡಕ ಹುಡುಕಿ ಓದಿದ. ನೀವು ಅಲುಗಾಡದೆ ಇರುವಂತೆ ಕಾಣುತ್ತದೆ, ಆದರೆ ನಿಮ್ಮ ಹೃದಯದ ಬಡಿತ ಹೆಚ್ಚಾಗಿದೆ ಎಂಬರ್ಥದ ಇಂಗ್ಲಿಷು. ಕೆಳಗೆ ನೂರ ಇಪ್ಪತ್ತೆಂಟು ಎಂಬ ಅಂಕಿ.

"ನೋಡಿ ಪೊರ್ಬುಲೇ! ಕೂತಲ್ಲೇ ಕರಗ್ತಾ ಉಂಟು! ಯಾದವನಿಗೆ ಗುಡ್ಡ ಹತ್ತಿದರೂ ಇಷ್ಟು ಬರುವುದಿಲ್ಲ."

ಗ್ರೆಗರಿ ಎದ್ದು ಬಂದು ಓದಿದ. ಮತ್ತೊಮ್ಮೆ ಓದಿದ. "ಇದು ಹೊಗಳಿದ್ದೋ ಹೆದರಿಸಿದ್ದೋ?" ಎಂದು ಕೇಳಿದ.

"ನಿಮಗೆ ಇಂಗ್ಲಿಷ್ ಬರ್ತದಲ್ಲ?"

"ಇಂಗ್ಲಿಷ್ ಬರ್ತದೆ. ಅದಕ್ಕೇ ಕೇಳಿದ್ದು."

ಆಮೇಲೆ ವಾಚು ದಿನಕ್ಕೆ ಹಲವು ಸಲ ಗುರ್ ಎನ್ನತೊಡಗಿತು. ಗಿರಾಕಿಯೊಬ್ಬರ ಸೊಂಟಕ್ಕೆ ಟೇಪು ಸುತ್ತುವ ಹೊತ್ತಿಗೇ ಒಮ್ಮೆ ಗುರ್ ಎಂದು, ಆ ಮನುಷ್ಯ ಬೆಚ್ಚಿ ಹಿಂದೆ ಹಾರಿದ ಮೇಲೆ ಪೂವಪ್ಪ ಮೋಕ್ಷಾಳಿಗೆ ಫೋನು ಮಾಡಿದ. ಅವಳು ಕೌಂಟರಿನಲ್ಲಿದ್ದಳು, ಎದುರಿಗೆ ಜನ ಇತ್ತು. ಯಾವುದು ಗುರ್ ಎನ್ನುವುದು, ಯಾಕೆ ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಸದ್ದು ನಿಲ್ಲಿಸಲು ಎಲ್ಲಿ ಒತ್ತಬೇಕು ಎಂದಷ್ಟೇ ಹೇಳಿದಳು. ಅವನು ಒತ್ತಿದ. ಅಂದಿನಿಂದ ವಾಚು ಬಾಯಿ ಮುಚ್ಚಿಕೊಂಡು, ಕತ್ತಲೆ ಗಾಜಿನ ಹಿಂದೆ ತನ್ನ ಪಾಡಿಗೆ ಲೆಕ್ಕ ಹಾಕುತ್ತಾ ಕೂತಿತು.

ಪ್ಯಾಂಟು ಹಿಡಿಸುವ ಕೆಲಸದಲ್ಲಿ ಒಂದು ಮರ್ಯಾದೆ ಉಂಟು. ಸೊಂಟ ಸಡಿಲವಾಯಿತು, ಸ್ವಲ್ಪ ಹಿಡಿಸಿಕೊಡಿ ಎಂದು ಬಂದವನನ್ನು ಟೈಲರು ಯಾಕೆ ಎಂದು ಕೇಳಬಾರದು. ಒಳಗೆ ಬಟ್ಟೆ ಬಿಡಲಾ, ಕತ್ತರಿಸಲಾ ಎಂದು ಮಾತ್ರ ಕೇಳಬೇಕು. ಬಿಡಿ ಎಂದರೆ ಮತ್ತೆ ದಪ್ಪಗಾಗುವ ಆಸೆ ಉಂಟು ಎಂದು ತಿಳಿದುಕೊಳ್ಳಬೇಕು. ಹಿಡಿಸುವುದು ಹಿಂದಿನ ನಡುಹೊಲಿಗೆಯಲ್ಲಿ. ಒಂದು ಸಲ, ಎರಡು ಸಲ ಹಿಡಿಸಬಹುದು. ಮತ್ತೂ ಹಿಡಿಸಿದರೆ ಹಿಂದಿನ ಎರಡು ಜೇಬುಗಳು ಸರಿದು ಸರಿದು ಒಂದಕ್ಕೊಂದು ತಾಗುತ್ತವೆ. ಅಲ್ಲಿಗೆ ಆ ಪ್ಯಾಂಟಿನ ಕತೆ ಮುಗಿಯಿತು, ಹೊಸದು ಹೊಲಿಸಬೇಕು.

ಜೇಬು ತಾಗುವ ತನಕ ಹಿಡಿಸಿಕೊಂಡ ಗಿರಾಕಿಗಳು ಪೂವಪ್ಪನ ಅನುಭವದಲ್ಲಿ ಕೆಲವರೇ. ಅವರ ಮುಖಗಳೆಲ್ಲ ಅವನಿಗೆ ನೆನಪಿದ್ದವು. ಹೊಲಿದಿಟ್ಟ ಪ್ಯಾಂಟನ್ನು ಒಯ್ಯಲು ಅವರು ಯಾರೂ ಬಂದಿರಲಿಲ್ಲ. ಹೆಂಡತಿಯರು ಬಂದಿದ್ದರು, ಇಲ್ಲವೇ ಯಾರೂ ಬಂದಿರಲಿಲ್ಲ.

ದೀಪಾವಳಿಗೆ ಮುಂಚಿನ ಶುಕ್ರವಾರ. ಡೆಲಿವರಿಯ ಗಡಿಬಿಡಿಯ ನಡುವೆ ಪೂವಪ್ಪ ತನ್ನದೇ ನೀಲಿ ಪ್ಯಾಂಟನ್ನು ಮಗುಚಿ ಮೇಜಿನ ಮೇಲೆ ಹರಡಿದ. ಅಷ್ಟಮಿಯಿಂದ ಇದು ಎಷ್ಟನೆಯ ಸಲವೋ. ಪ್ರತಿ ಸಲವೂ ಸೀಟಿ ಹೊಡೆಯುತ್ತಾ ಹಿಡಿಸಿದ್ದ. ಚಾಕು ಹಿಡಿದ ಹಾಗೆ ಬಳಪ ಹಿಡಿದು ಗೆರೆ ಎಳೆದ. ಗೆರೆ ನೆಟ್ಟಗೆ ಬರಲಿಲ್ಲ, ಇರುವೆಸಾಲಿನ ಹಾಗೆ ಅತ್ತಿತ್ತ ಹೋಯಿತು. ಉಜ್ಜಿ ಮತ್ತೆ ಎಳೆದ. ಮತ್ತೂ ಹಾಗೆಯೇ. ಇರಲಿ ಎಂದು ಎರಡೂ ಕಡೆ ಒಟ್ಟುಸೇರಿಸಿ ಪಿನ್ನು ಚುಚ್ಚಿ ಮಗುಚಿ ನೋಡಿದ.

ಜೇಬುಗಳು ತಾಗಿದ್ದವು.

ಪೂವಪ್ಪ ಬೆರಳಿನಿಂದ ಜೇಬುಗಳ ಅಂಚು ಮುಟ್ಟಿ ನೋಡಿದ. ಅಂಗಡಿಯಲ್ಲಿ ಬೇರೊಬ್ಬನ ಪ್ಯಾಂಟಾಗಿದ್ದರೆ ಅವನು ಈಗ ಏನೂ ಕೇಳುತ್ತಿರಲಿಲ್ಲ. ಮೆಲ್ಲಗೆ ಮಡಚಿ, ಕಾಗದದಲ್ಲಿ ಸುತ್ತಿ, ಹೆಸರು ಬರೆದಿಡುತ್ತಿದ್ದ.

ತಲೆ ಎತ್ತಿದರೆ ಗ್ರೆಗರಿ ಎದುರಿಗೇ ನಿಂತಿದ್ದ. ಅವನೂ ಜೇಬುಗಳನ್ನೇ ನೋಡುತ್ತಿದ್ದ. ಅವನೂ ಟೈಲರೇ ತಾನೇ.

"ಪೂವಪ್ಪಣ್ಣ, ಕೈ ಎತ್ತಿ" ಎಂದ.

"ಎಂತಕ್ಕೆ? ನನಗೆ ಕೋಟು ಹೊಲಿಯುವುದಾ? ಮದುವೆ ಆಗಿ ಆಯ್ತು."

ಮಾತು ಬಾಯಿಂದ ಬಿದ್ದ ಮೇಲೆ, ಕೋಟಿನ ಇನ್ನೊಂದು ಸಂದರ್ಭ ಇಬ್ಬರಿಗೂ ಹೊಳೆಯಿತು. ಗ್ರೆಗರಿ ಅವನ ಎದೆಯ ಸುತ್ತ ಟೇಪು ತಂದು, ಎರಡು ಬೆರಳಿನಲ್ಲಿ ಕೂಡಿಸಿ ಹಿಡಿದ. ಅಳತೆ ಓದಲಿಲ್ಲ. ಹಿಡಿದುಕೊಂಡೇ ನಿಂತ. ಅವನ ಬೆರಳುಗಳ ನಡುವೆ ಟೇಪು ಜಿಗಿಯುತ್ತಿತ್ತು. ಜಿಗಿತಕ್ಕೆ ತಾಳವೂ ಇರಲಿಲ್ಲ: ಎರಡು ಸಲ ಬೇಗ, ಒಂದು ಇಲ್ಲವೇ ಇಲ್ಲ, ಮತ್ತೆ ನಾಲ್ಕೈದು ಒಂದರ ಮೇಲೊಂದು ಬಿದ್ದ ಹಾಗೆ.

"ನೀವು ಮೆಟ್ಟಿಲು ಹತ್ತಿ ಬಂದು ಎಷ್ಟು ಹೊತ್ತಾಯ್ತು?"

"ಬೆಳಿಗ್ಗೆ ಬಂದವನು. ಆಮೇಲೆ ಕೆಳಗೆ ಇಳಿಯಲೇ ಇಲ್ಲ."

"ಮತ್ತೆ ಇದು ಎಲ್ಲಿಗೆ ಓಡುವುದು?"

ಪೂವಪ್ಪ ಪ್ಯಾಂಟಿನ ಪಿನ್ನುಗಳನ್ನು ಒಂದೊಂದಾಗಿ ಕೀಳತೊಡಗಿದ. ಗ್ರೆಗರಿ ಶಟರು ಎಳೆದ. "ಡೆಲಿವರಿ ಉಂಟು ಮಾರಾಯ್ರೆ" ಎಂದು ಪೂವಪ್ಪ ಹೇಳಿದರೆ, "ಇರಲಿ, ಅವರಿಗೆ ಬೇರೆ ಪ್ಯಾಂಟು ಉಂಟು" ಎಂದ.

ಪಕ್ಕದ ರಸ್ತೆಯ ಕ್ಲಿನಿಕ್ಕಿನಲ್ಲಿ ನರ್ಸು ಅವನ ಕೈ ಹಿಡಿದು ಎಣಿಸಿದಳು, ಬಿಟ್ಟು ಮತ್ತೆ ಎಣಿಸಿದಳು, ಸರತಿಯಲ್ಲಿದ್ದವರನ್ನು ದಾಟಿಸಿ ಒಳಗೆ ಕರೆದೊಯ್ದಳು. ಸರತಿಯಲ್ಲಿದ್ದ ಯಾರೂ ಗಲಾಟೆ ಮಾಡಲಿಲ್ಲ. ಅದು ಪೂವಪ್ಪನಿಗೆ ಒಳ್ಳೆಯ ಲಕ್ಷಣವಾಗಿ ತೋರಲಿಲ್ಲ. ಡಾಕ್ಟರು ಮಗಳ ಪ್ರಾಯದ ಹೆಂಗಸು. ಅವನ ಕೈ ಚಾಚಿಸಿ ಬೆರಳು ನೋಡಿ, ಕುತ್ತಿಗೆ ಒತ್ತಿ ನೋಡಿ, ಎದೆಗೆ ವಯರು ಅಂಟಿಸಿ ಇಸಿಜಿ ತೆಗೆದಳು.

"ಎಷ್ಟು ಸಮಯದಿಂದ ಹೀಗೆ?"

"ಅಷ್ಟಮಿಯಿಂದ. ಒಳ್ಳೆ ಕ್ಯಾಲೊರಿ ಬರ್ನ್ ಆಗ್ತಾ ಇತ್ತು ಡಾಕ್ಟ್ರೇ, ದಿನಾ ಐನೂರರ ಮೇಲೆ."

ಅವಳು ವಾಚನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. "ಬಡಿತ ಎಷ್ಟು ಅಂತ ಇದಕ್ಕೆ ಗೊತ್ತಾಗ್ತದೆ. ಯಾಕೆ ಬಡಿಯುತ್ತದೆ ಅಂತ ಗೊತ್ತಾಗುವುದಿಲ್ಲ. ನೀವು ಓಡಿದ್ದು ಅಂತ ಅದು ಅಂದಾಜು ಮಾಡಿದೆ. ರಕ್ತದ ರಿಪೋರ್ಟು ಬರಬೇಕು, ಆದರೆ ನನಗೆ ಸಂಶಯ ಥೈರಾಯ್ಡಿನದ್ದು. ಅದು ಮಿತಿಮೀರಿ ಕೆಲಸ ಮಾಡಿದರೆ ಹಸಿವು, ಬೆವರು, ನಡುಕ, ತೂಕ ಇಳಿಯುವುದು ಎಲ್ಲ ಆಗ್ತದೆ. ಈಗ ಹಾರ್ಟಿನ ತಾಳವೂ ತಪ್ಪಿದೆ. ತಾಳ ತಪ್ಪಿದರೆ ಒಳಗೆ ರಕ್ತ ಹೆಪ್ಪುಗಟ್ಟಬಹುದು. ಅದು ತಲೆಗೆ ಹೋದರೆ..." ಅವಳು ವಾಕ್ಯ ಮುಗಿಸದೆ ಫೋನು ಎತ್ತಿದಳು. "ನಡೆಯುವುದು ಬೇಡ. ಮೆಟ್ಟಿಲೂ ಬೇಡ. ಆಂಬ್ಯುಲೆನ್ಸ್ ಇಲ್ಲಿಗೇ ಬರ್ತದೆ."

ಸಂಜೆಗೆ ಹೇಮಾಕ್ಷಿ ಆಸ್ಪತ್ರೆಗೆ ಬಂದಾಗ ಅವನ ಕೈಗೆ ಡ್ರಿಪ್ಪು ಹಾಕಿದ್ದರು. ಮೋಕ್ಷಾ ಸುರತ್ಕಲ್‌ನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಮದ್ದು ಹಿಡಿಯಲು ಸಮಯ ಬೇಕು, ಈ ರಾತ್ರಿ ಮತ್ತು ನಾಳೆ ನೋಡಬೇಕು ಎಂದು ಅಲ್ಲಿನ ಡಾಕ್ಟರು ಬಾಗಿಲಲ್ಲಿ ನಿಂತು ಹೇಮಾಕ್ಷಿಗೆ ಹೇಳಿದ್ದು ಪೂವಪ್ಪನಿಗೂ ಕೇಳಿಸಿತ್ತು. ಹೇಮಾಕ್ಷಿ ಬೈಯುತ್ತಾಳೆ ಎಂದು ಅವನು ಕಾದ. ಅವಳು ಸ್ಟೂಲು ಎಳೆದು ಕೂತು, ಬಟ್ಟೆಯ ಮೇಲಿಂದಲೇ ಅವನ ಎದೆಯ ಮೇಲೆ ಅಂಗೈ ಇಟ್ಟಳು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಜನರ ಎದುರಿಗೆ ಅವಳು ಹಾಗೆ ಮಾಡಿದ್ದಿರಲಿಲ್ಲ.

"ನಿಂತ ಹಾಗೆ ಕಾಣ್ತದಾ?" ಎಂದು ಅವನು ಮೆಲ್ಲಗೆ ಕೇಳಿದ. "ಅಂದರೆ, ಓಡುವುದು?"

"ಮಾತಾಡಬೇಡಿ."

ಅವನು ಅಲುಗಾಡದೆ ಮಲಗಿದ. ಕಿಟಕಿಯ ಹೊರಗೆ ಯಾರೋ ದೀಪಾವಳಿಯ ಮೊದಲ ಪಟಾಕಿ ಹೊಡೆದರು; ಪಕ್ಕದ ಮಂಚದವರು ಬೆಚ್ಚಿಬಿದ್ದರು. ಹೇಮಾಕ್ಷಿ ಕೈ ತೆಗೆಯಲಿಲ್ಲ. ಅಂಗೈಯ ಕೆಳಗೆ ಅವನ ಎದೆಬಡಿತ ಒಮ್ಮೆ ಎಡವಿತು, ಒಂದು ಕ್ಷಣ ಇಲ್ಲವೇ ಇಲ್ಲ ಎಂಬ ಹಾಗೆ ತಡೆದು ನಿಂತಿತು, ಅವಳು ಉಸಿರು ಹಿಡಿದಳು, ಆಮೇಲೆ ಮತ್ತೆ ಓಡಿತು.