ದೂರ ಹೋದವರನ್ನು ಕೂಗಬಾರದು

ಬಳಪದ ಹುಡಿ ಮೆತ್ತಿ ಬೆಳ್ಳಗಾದ ಅಂಗೈಯೊಂದು ಕತ್ತಲಲ್ಲಿ ಮೇಲೆದ್ದದ್ದು ಇನ್ನೂ ಕಣ್ಣಲ್ಲಿದೆ. ಅದು ನಮ್ಮ ಫಿಜಿಕ್ಸ್ ಸರ್ ಅವರ ಕೈ. ಗಂಗಾವತಿಯ ನಮ್ಮ ವಠಾರದ ಅಂಗಳದಲ್ಲಿ ಆ ಸಂಜೆ ಇದ್ದವರು ಸರ್, ಅವರ ಹೆಂಡತಿ, ನಮ್ಮವ್ವ, ಎದುರು ಮನೆಯ ಟೇಲರ್ ಕಾಕಾ ಮತ್ತು ನಾನು. ಇಲ್ಲದವಳು ಒಬ್ಬಳೇ, ಸರ್ ಅವರ ಮುಪ್ಪಿನ ತಾಯಿ. ನಾವೆಲ್ಲ ಅವಳನ್ನು ಆಯಿ ಎನ್ನುತ್ತಿದ್ದೆವು.

ಕೊಪ್ಪಳ ಆಗಷ್ಟೇ ಜಿಲ್ಲೆಯಾಗಿತ್ತು. ನಾನು ಸರ್ ಕೈಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಪುಸ್ತಕದಲ್ಲಿಲ್ಲದ್ದನ್ನು ಹೇಳುವುದೆಂದರೆ ಅವರಿಗೆ ಪ್ರಾಣ. ಒಮ್ಮೆ ಪಾಠದ ನಡುವೆ ಹೊರಗೆ ನಡೆದವರು ಮೈದಾನ ದಾಟಿ ಬೇವಿನ ಮರದ ಕೆಳಗೆ ನಿಂತುಬಿಟ್ಟರು. ಎಲ್ಲ ತರಗತಿಗಳ ಕಿಟಕಿಯಲ್ಲೂ ಮುಖಗಳು.

"ನಾ ಈಗ ಯಾವ ಕ್ಲಾಸಿನ ಮಾಸ್ತರಲೇ?" ಎಂದು ಅಲ್ಲಿಂದಲೇ ಕೇಳಿದರು. ನಾವು ನಕ್ಕೆವು. ಹಿಂತಿರುಗಿ ಬಂದವರು ನಗಲಿಲ್ಲ.

"ಪರಮಾಣುವಿಗೆ ಭಾಳ ಶಕ್ತಿ ಕೊಟ್ರ ಅದರ ಹೊರಗಿನ ಎಲೆಕ್ಟ್ರಾನು ಹಿಂಗ ದೂರ ಹೋಗತೈತಿ. ಹೋಗಿ ನಿಧಾನ ಆಗತೈತಿ. ಸಣ್ಣ ಪೆಟ್ಟು ಬಿದ್ರ ಸಾಕು, ಹೋದದ್ದ ಹೋತು. ಆದ್ರ ಅಂಥ ಪರಮಾಣು ಒತ್ತೊತ್ತಾಗಿ ಕೂಡಿದ್ರ, ಆ ಎಲೆಕ್ಟ್ರಾನು ಇಂಥವ್ರದು ಅಂತ ಇರಂಗಿಲ್ಲ, ಇಂಥಲ್ಲೇ ಐತಿ ಅಂತಲೂ ಇರಂಗಿಲ್ಲ. ಎಲ್ಲಾರ್ದೂ ಆಗಿ ಎಲ್ಲಾರ್ನೂ ಹಿಡದಿಡತೈತಿ."

ಆಯಿ ಆಗಲೇ ಹಾಗಾಗಿದ್ದಳು. ಮಗನನ್ನು ಮರೆತಿದ್ದಳು, ಮನೆಯನ್ನೂ ಮರೆತಿದ್ದಳು. ಯಾರ ಬಾಗಿಲು ತೆರೆದಿದ್ದರೂ ಸದ್ದಿಲ್ಲದೆ ಬಂದು ಕೂರುವಳು. ತಿರುಗಿ ನೋಡಿದರೆ ಬೆನ್ನ ಹಿಂದೆ ಇರುವಳು. ಯಾಕೆ ಬಂದೆ ಎಂದು ಯಾರೂ ಕೇಳುತ್ತಿರಲಿಲ್ಲ. ಊಟದ ತಾಟು ಇಡುತ್ತಿದ್ದರು.

ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ಕರೆಂಟ್ ಹೋಯಿತು. ಆಯಿ ಕಾಣಲಿಲ್ಲ.

"ಕರೆಂಟ್ ಹೋದಾಗ ನಮ್ಮ ಒಲಿ ಮುಂದ ಕುಂತು ರೊಟ್ಟಿ ಮುರಿಯಾಕತ್ತಿದ್ಲಲ್ರಿ," ಎಂದಳು ಅವ್ವ.

"ಏನ್ ಹೇಳ್ತಿ ತಂಗಿ? ಆಗ ನನ್ನ ಮಿಷನ್ ಬಾಜೂಕ ಕುಂತಿದ್ಲು. ಆಕಿ ಹಿಡದಿದ್ದ ದಾರದ ಉಂಡಿ ಅಲ್ಲೇ ಬಿದ್ದೈತಿ," ಎಂದ ಕಾಕಾ.

ಸರ್ ಅವರ ಹೆಂಡತಿ ಮೆಲ್ಲಗೆ, "ನನ್ನ ಕೈ ಹಿಡಕೊಂಡಿದ್ರಲ್ಲ..." ಎಂದು ತಮ್ಮ ಅಂಗೈ ನೋಡಿಕೊಂಡರು.

ನಾನು ತಲೆ ಎತ್ತಿದೆ. ಅಂಚಿಗೆ ಮೋಟುಗೋಡೆ ಕಟ್ಟದ ಮಾಳಿಗೆಯ ತುದಿಯಲ್ಲಿ ಆಯಿ ಕಾಲು ಇಳಿಬಿಟ್ಟು ಕೂತಿದ್ದಳು. ಕೆಳಗೆ ಕಲ್ಲುಹಾಸು. ಕಾಕಾ ಕೂಗಲು ಬಾಯಿ ತೆರೆದ. ಆಗಲೇ ಆ ಬೆಳ್ಳನೆ ಅಂಗೈ ಎದ್ದದ್ದು.

"ಕೂಗಬ್ಯಾಡೋ ಮಾರಾಯಾ. ದೂರ ಹೋದವ್ರನ್ನ ಕೂಗಬಾರದು, ಒಂದ ಸದ್ದು ಸಾಕು. ಮ್ಯಾಲ ಹೋಗಿ ಸುತ್ತ ಕುಂದ್ರೂಣು, ಒತ್ತೊತ್ತಾಗಿ."

ಬರಿಗಾಲಲ್ಲಿ ಹತ್ತಿದೆವು. ಅವಳ ಎರಡೂ ಬದಿಗೆ, ಬೆನ್ನಿಗೆ, ಮುಟ್ಟದೆ, ಉಸಿರು ತಾಗುವಷ್ಟು ಹತ್ತಿರ ಕೂತೆವು. ಅವ್ವ ರೊಟ್ಟಿಯ ಮಾತು ತೆಗೆದಳು. ಕಾಕಾ ಯಾರದೋ ಅಂಗಿಗೆ ತೋಳು ಉಲ್ಟಾ ಹೊಲಿದ ಕತೆ ಹೇಳಿದ.

"ಇದು ಯಾರ ಮನಿ?" ಎಂದು ಆಯಿ ಕತ್ತಲನ್ನು ಕೇಳಿದಳು.

"ನಿಂದ," ಎಂದೆವು ಐವರೂ.

ಅವಳು ಹಿಂದಕ್ಕೆ ಒರಗಿದಳು. ಏಳಲು ಕೈ ನೀಡಿದ್ದು ಕಾಕಾನಿಗೆ, ಮಗನಿಗಲ್ಲ.

ಮೆಟ್ಟಿಲಿಳಿಯುವಾಗ ಕಾಕಾ ಕೇಳಿದ: "ಸರ್, ಒಮ್ಮೆಗೇ ಮೂರು ಮನ್ಯಾಗ ಕುಂತಿದ್ದು ನಿಮ್ಮ ಲೆಕ್ಕಕ್ಕ ಬರತೈತೇನ್ರಿ?"

"ಎಲೆಕ್ಟ್ರಾನಿಗೆ ಬರತೈತಿ," ಎಂದರು ಸರ್. ಇನ್ನೊಂದು ಮೆಟ್ಟಿಲಿಳಿದು, "ನನ್ನ ಹಡದವ್ವಗ ಬರಬಾರದು," ಎಂದರು.

ಆಯಿ ಮುಂದೆಯೂ ಎಲ್ಲರ ಮನೆಯಲ್ಲಿ ಉಂಡು, ಕೊನೆಗೆ ನಮ್ಮವ್ವನ ತೊಡೆಯ ಮೇಲೆ ಕಣ್ಣು ಮುಚ್ಚಿದಳು. ಸರ್ ನಿವೃತ್ತರಾದರು. ನನಗೂ ಕಲಿಸುವ ಕೆಲಸವೇ ಸಿಕ್ಕಿತು; ಬೇವಿನ ಮರದ ಪಾಠವನ್ನು ನಾನೂ ಮಾಡಿದೆ. ಒಂದು ದಿನ ಸರ್ ನಮ್ಮ ಅಡುಗೆಮನೆಗೆ ಸದ್ದಿಲ್ಲದೆ ಬಂದು ಕೂತು, "ಇವತ್ತೇನು ಪಲ್ಯೆ?" ಎಂದು ನನ್ನ ಹೆಂಡತಿಯನ್ನು ಕೇಳಿದರು, ಅದು ಅವರದೇ ಮನೆಯೆಂಬಂತೆ. ನಾವು ಏನೂ ಕೇಳಲಿಲ್ಲ. ತಾಟು ಇಟ್ಟೆವು.

ಕಳೆದ ಶ್ರಾವಣದ ಒಂದು ಸಂಜೆ ಕರೆಂಟ್ ಹೋದಾಗ ಸರ್ ನನ್ನೆದುರಿಗೇ ರೊಟ್ಟಿ ಮುರಿಯುತ್ತಿದ್ದರು. ಅಂಗಳದಾಚೆಯಿಂದ ಈಗ ಮುದುಕನಾದ ಕಾಕಾ ಹೇಳಿದ: "ಹುಡುಕಬ್ಯಾಡ್ರಿ, ಸರ್ ಇಲ್ಲೇ ಅದಾರ, ನನ್ನ ಬಾಜೂಕ." ದೀಪ ಬಂದಾಗ ತಾಟಿನಲ್ಲಿ ಅರ್ಧ ರೊಟ್ಟಿಯಷ್ಟೇ ಇತ್ತು.

ನಾನೂ ಕಾಕಾನೂ ಸರ್ ಮನೆಗೆ ಹೋದೆವು. ಸರ್ ಹಾಸಿಗೆಯಲ್ಲಿದ್ದರು; ಉಸಿರಿರಲಿಲ್ಲ.

"ಕರೆಂಟ್ ಹೋದಾಗ ನನ್ನ ಕೈ ಹಿಡಕೊಂಡ್ರು," ಎಂದರು ಅವರ ಹೆಂಡತಿ. "ಇನ್ನೂ ಬಿಟ್ಟಿಲ್ಲ ನೋಡ್ರಿ."

ಸತ್ತವರನ್ನು ಕೂರಿಸುವ ನಮ್ಮ ವಾಡಿಕೆಯಂತೆ ಸರ್ ಅವರನ್ನು ಅಂಗಳದ ನಡುವೆ ಕುಳ್ಳಿರಿಸಿದೆವು. ಯಾರೂ ಜೋರಾಗಿ ಅಳಲಿಲ್ಲ. ಎಲ್ಲ ಮನೆಯವರೂ ಸುತ್ತ ಒತ್ತೊತ್ತಾಗಿ ಕೂತೆವು.