ಉಸಿರು ಹುಡುಕುವ ಯಂತ್ರ

ಖಾರಘರದ ನನ್ನ ಭಾವನಿಗೆ ಊಟಕ್ಕೆ ಕೂತರೆ ಭಾಷಣ ಬಿಗಿಯುವ ಚಟ. "ಮಿಲಿಟರಿಯವರು ದುಡ್ಡು ಹಾಕದಿದ್ರೆ ನಿನ್ನ ಫೋನಿನ ಮ್ಯಾಪ್ ಎಲ್ಲಿಂದ ಬರ್ತಿತ್ತು ಮಾರಾಯ? ಟೆಕ್ನಾಲಜಿ ಬೆಳೆಯೂದೇ ಹಾಗೆ" ಎಂದು ಕಳೆದ ಭಾನುವಾರ ಮತ್ತೆ ಶುರುಮಾಡಿದರು. ನಾನು ಅರ್ಧ ಊಟದಲ್ಲೇ ಎದ್ದೆ. ಅಕ್ಕ ಬೇಜಾರು ಮಾಡಿಕೊಂಡಳು. ಮಾಡಿಕೊಳ್ಳಲಿ. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ನಾನು ಮುಂಬೈ ಹತ್ತಿರದ ಡೊಂಬಿವ್ಲಿಯ ಒಂದು ಸಣ್ಣ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದೆ. ನಮ್ಮ ಕಡೆ ಮಳೆಗಾಲ ಬಂತೆಂದರೆ ಎಲ್ಲಾದರೊಂದು ಹಳೆಯ ಕಟ್ಟಡ ಕುಸಿಯುವುದು ಇದ್ದದ್ದೇ. ಅದರಡಿ ಸಿಕ್ಕಿಕೊಂಡವರ ಉಸಿರಾಟವನ್ನು ರೇಡಿಯೋ ಅಲೆಗಳಿಂದ ಪತ್ತೆಹಚ್ಚುವ ಯಂತ್ರ ಮಾಡಲು ಹೊರಟಿದ್ದೆವು. ಎದೆಯ ಏರಿಳಿತ ಪರದೆಯ ಮೇಲೆ ಗೆರೆಯಾಗಿ ಮೂಡಬೇಕು.

ಪರೀಕ್ಷೆಗೆ ಯಾರಾದರೂ ಅಡಿಯಲ್ಲಿ ಮಲಗಬೇಕಲ್ಲ? ಲೋಡಿಂಗ್ ಕೆಲಸಕ್ಕಿದ್ದ ಕಲಬುರಗಿಯವನೊಬ್ಬ ಒಪ್ಪಿಕೊಂಡ. ಹಿತ್ತಲಲ್ಲಿ ಕಬ್ಬಿಣದ ಮಂಚದ ಮೇಲೆ ಒಡೆದ ಸ್ಲ್ಯಾಬುಗಳನ್ನು ಪೇರಿಸಿ, ಮಂಚದಡಿ ಅವನನ್ನು ಮಲಗಿಸುತ್ತಿದ್ದೆವು. ಊಟವಾದ ಮೇಲೆ ಮಲಗಿಸಿದರೆ ಪುಣ್ಯಾತ್ಮ ಗೊರಕೆ ಹೊಡೆಯುತ್ತಿದ್ದ. ಮೊದಮೊದಲು ಬೈದೆವು. ಆಮೇಲೆ ನೋಡಿದರೆ ಆ ನಿದ್ದೆಯ ಉಸಿರಿನ ಗೆರೆಯೇ ಎಲ್ಲಕ್ಕಿಂತ ಸ್ಪಷ್ಟವಾಗಿತ್ತು. ಅಂದಿನಿಂದ ಅವನ ಮಧ್ಯಾಹ್ನದ ನಿದ್ದೆಯೇ ನಮ್ಮ ಪರೀಕ್ಷೆಯಾಯಿತು. ಅವನ ಹೆಂಡತಿ ಕಟ್ಟಿಕೊಡುತ್ತಿದ್ದ ಜೋಳದ ರೊಟ್ಟಿಯಲ್ಲಿ ನಮಗೂ ಪಾಲಿತ್ತು.

ಯಂತ್ರ ಕೆಲಸ ಮಾಡಿತು, ಕೊಳ್ಳುವವರು ಸಿಗಲಿಲ್ಲ. ಯಾವ ಕಚೇರಿಗೆ ಹೋದರೂ ಚಹಾ ಕೊಟ್ಟು, ಹೊಗಳಿ, ಬಜೆಟ್ ಇಲ್ಲವೆಂದು ಕಳಿಸಿದರು. ಕೊನೆಗೆ ಸೈನ್ಯದ ಅನುದಾನ ಪಡೆದಿದ್ದ ದೊಡ್ಡ ಕಂಪನಿಯೊಂದು ನಮ್ಮನ್ನು ಇಡಿಯಾಗಿ ಕೊಂಡು ನವಿ ಮುಂಬೈಗೆ ಎತ್ತಂಗಡಿ ಮಾಡಿತು. ಅಲ್ಲಿ ಟ್ರಂಕಿನಷ್ಟಿದ್ದ ಯಂತ್ರ ನೋಡನೋಡುತ್ತ ಟಿಫಿನ್ ಡಬ್ಬಿಯಷ್ಟಾಯಿತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವರಿಗೆ ಬೇಕಿದ್ದುದು ಮಣ್ಣಿನಡಿಯ ಉಸಿರಲ್ಲ; ಮುಚ್ಚಿದ ಕೋಣೆಯೊಳಗೆ ಎಷ್ಟು ಜನ, ಎಲ್ಲೆಲ್ಲಿ ನಿಂತಿದ್ದಾರೆ ಎಂಬ ಲೆಕ್ಕ. ಕಲಬುರಗಿಯವನನ್ನು ಗೋಡೆಯ ಹಿಂದೆ ನಿಲ್ಲಿಸಿದರು.

"ನಿಂತ ಮಂದಿಗಿ ಯಾಕ ಹುಡಕ್ತಾರ್ರೀ?" ಎಂದು ಅವನು ನನ್ನನ್ನು ಕೇಳಿದ. "ಬಾಗಲಾ ಬಡದ್ರ ತೆಗಿತಾರಲ್ರೀ."

ನಾನು ನಕ್ಕೆ. ಸೂಟು ತೊಟ್ಟ ಕಂಪನಿಯವರು ನಗಲಿಲ್ಲ. ಗುಟ್ಟು ಹೊರಗೆ ಹೋಗಬಾರದೆಂದು ಹೊಸದರ ಜೊತೆ ಹಳೆಯ ಯಂತ್ರವನ್ನೂ ಬೀಗ ಹಾಕಿ ಇಟ್ಟರು.

ಕಳೆದ ಮಳೆಗಾಲ, ಮುಂಬ್ರಾದಲ್ಲಿ ಕಲಬುರಗಿಯವನ ಮನೆಯಿದ್ದ ಕಟ್ಟಡ ಬಿತ್ತು. ಅವನು ಕೆಲಸಕ್ಕೆಂದು ರೈಲ್ವೆ ಸ್ಟೇಷನ್ ಮುಟ್ಟಿದ್ದ, ಹೆಂಡತಿ ಮನೆಯಲ್ಲಿದ್ದಳು. ಫೋನಿನಲ್ಲಿ ಅವನದು ಒಂದೇ ಮಾತು: "ಸರ್, ನಮ್ಮ ಮಷೀನ್ ತಗೊಂಡು ಜಲ್ದಿ ಬರ್ರೀ."

ಮ್ಯಾನೇಜರ್ ಬಳಿ ಓಡಿದೆ. "ನಿಮ್ಮ ಸಂಕಟ ಅರ್ಥ ಆಗ್ತದೆ. ಪರ್ಮಿಷನ್‌ಗೆ ಒಂದು ಮೇಲ್ ಹಾಕಿ" ಎಂದರು, ಕಂಪ್ಯೂಟರಿನಿಂದ ಕಣ್ಣೆತ್ತದೆ. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ದ್ವೇಷವಿದೆ, ಮುಚ್ಚಿಡುವುದಿಲ್ಲ. ಬೀಗ ಒಡೆಯಲು ಹೋದೆ. ಗಾರ್ಡುಗಳು ನನ್ನನ್ನು ಹಿಡಿದು ಗೇಟಿನಾಚೆ ತಳ್ಳಿದರು. ಕೆಲಸವೂ ಅಂದೇ ಹೋಯಿತು.

ಬರಿಗೈಯಲ್ಲಿ ಮುಂಬ್ರಾ ಸೇರಿದೆ. ಅವನು ನನ್ನ ಮುಖ ನೋಡಲಿಲ್ಲ, ಕೈ ನೋಡಿದ. ಕಲ್ಲುಮಣ್ಣಿನ ರಾಶಿ ಹತ್ತಿ, ಬೋರಲು ಮಲಗಿ, ಸ್ಲ್ಯಾಬಿಗೆ ಕಿವಿ ಹಚ್ಚಿದ. "ಸುಮ್ಮ ಇರ್ರೀ ಎಲ್ಲಾರೂ!" ಎಂದು ಚೀರಿದ. ಜೆಸಿಬಿಯ ಗದ್ದಲದಲ್ಲಿ, ಸಾವಿರ ಜನರ ಕೂಗಾಟದಲ್ಲಿ ಯಾರು ಸುಮ್ಮನಾಗುತ್ತಾರೆ? ಆದರೂ ಅವನು ಉಸಿರು ಬಿಗಿಹಿಡಿದು ಕೇಳಿದ, ಒಂದು ಕಡೆ ಕೈ ತೋರಿಸಿದ. ಅಲ್ಲಿ ಅಗೆದರು.

ಅವಳಿದ್ದದ್ದು ಇನ್ನೊಂದು ಮೂಲೆಯಲ್ಲಿ. ಸಂಜೆ ಹೊರಗೆ ತೆಗೆದಾಗ ಉಸಿರಿರಲಿಲ್ಲ, ಮೈ ಮಾತ್ರ ಇನ್ನೂ ಬೆಚ್ಚಗಿತ್ತು.